ಈಶಮ್ಮನ ಮುಖ

ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದ್ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ ಹೆಂಗಸನ್ನು ಕಂಡದ್ದೇ ಮಂಗಲಾ ತನ್ನ ಅವ್ವನ ಕಡೆ ತಿರುಗಿ ಕುಳಿತಳು. ತಲೆಗೆ ಹಸಿರು ಟವೆಲ್ಲು, ಕಂಕುಳಲ್ಲಿ ಆಸ್ಪತ್ರೆಯ ಫೈಲು. ನಾರಾಯಣಖೇಡ ಕಡೆಯ ಈಶಮ್ಮ. ಮೂರು ವಾರದ ಹಿಂದೆ ಕ್ಯಾನ್ಸರ್ ವಾರ್ಡಿನಲ್ಲಿ ಅವ್ವನ ಪಕ್ಕದ ಮಂಚದಲ್ಲಿ ಸಲೈನು ಹಾಕಿಸಿಕೊಂಡಿದ್ದವಳು.

"ಅಯ್ಯ ಬಾಯೋರ, ನೀವೂ ಇದೇ ಬಸ್ಸಿಗೇನ್ರಿ? ಚೀಲ ತೆಗಿ ಯವ್ವ, ಕಾಲು ಸೋತು ಹೋಗ್ಯಾವ."

ಮಂಗಲಾ ಸೀಟಿನ ಮೇಲಿದ್ದ ಚೀಲವನ್ನು ತೊಡೆಗೆ ಎಳೆದುಕೊಂಡಳು. ಕಿಟಕಿಯ ಪಕ್ಕದಲ್ಲಿದ್ದ ಅವ್ವ ಸುಮಿತ್ರಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಸಣ್ಣಗೆ ನಕ್ಕಳು. ಕೊಹೀರಿನ ಬಟ್ಟೆ ಅಂಗಡಿಯ ಮನೆತನದ ಸೊಸೆ ಆಕೆ. ಅಂಗಡಿ ಚಿಕಿತ್ಸೆಗೇ ಹೋಗಿತ್ತು, ಸೆರಗು ಮಾತ್ರ ಜಾರಿರಲಿಲ್ಲ. ಕೂದಲು ಉದುರಿದ ಮೇಲೆ ಕನ್ನಡಿಯ ಮುಂದೂ ಅದನ್ನು ತೆಗೆಯುತ್ತಿರಲಿಲ್ಲ.

ಅವ್ವನ ಚಿಕಿತ್ಸೆಗೆ ಸಹಾಯ ಕೇಳಿ ಮಂಗಲಾ ಮೊಬೈಲಿನಲ್ಲಿ ಬರೆದು ಹಾಕಿದಾಗ ಮೊದಲ ವಾರ ಒಬ್ಬರೂ ಕೇಳಿರಲಿಲ್ಲ. ಫೋಟೋ ಇಲ್ಲದೆ ಯಾರು ನಂಬುತ್ತಾರೆ ಎಂದರು ಗೆಳತಿಯರು. "ಸತ್ತರೂ ತೆಗಸ್ಕೊಳ್ಳಲ್ಲ" ಎಂದಿದ್ದಳು ಅವ್ವ. ಆಗ ಮಂಗಲಾ ವಾರ್ಡಿನಲ್ಲಿ ತೆಗೆದ ಒಂದು ಫೋಟೋ ಹಾಕಿದಳು. ಬೋಳು ತಲೆ, ಗುಳಿಬಿದ್ದ ಕಣ್ಣು, ಕೈಗೆ ಚುಚ್ಚಿದ ಸೂಜಿ, ಗಾಢ ನಿದ್ದೆ. ಕೆಳಗೆ ಅವ್ವನ ಹೆಸರು. ಅವತ್ತು ಸಂಜೆಯಿಂದಲೇ ಹಣ ಬಂದಂತೆಲ್ಲ ಮೊಬೈಲು ಟಿಣ್ ಟಿಣ್ ಎನ್ನತೊಡಗಿತು. "ನಮ್ಮ ಮನಿ ಹೆಸರಿಗೇ ಕೊಟ್ಟಾರ ನೋಡು" ಎಂದು ಅವ್ವ ಹಿಗ್ಗಿದ್ದಳು.

ಅಜ್ಜಿ ಹೇಳುತ್ತಿದ್ದ ಒಂದು ಕಥೆಯಲ್ಲಿ ಹುಡುಗಿಯೊಬ್ಬಳು ನೆರೆಮನೆಯವಳ ಮುಖವನ್ನು ಕಡ ತೆಗೆದುಕೊಂಡು ದೂರದ ಬಾವಿಗೆ ನೀರಿಗೆ ಹೋಗುತ್ತಾಳೆ. ತಿರುಗಿ ಬಂದಾಗ ನೆರೆಮನೆಯವಳು ಮುಖವಿಲ್ಲದೆ ಬಾಗಿಲಲ್ಲಿ ನಿಂತಿರುತ್ತಾಳೆ. ಮುಂದೇನಾಯಿತೆಂದು ಹೇಳುವ ಮೊದಲೇ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು.

ಈಶಮ್ಮ ಸೆರಗಿನ ಗಂಟು ಬಿಚ್ಚಿ ರೊಕ್ಕದ ಒಂದು ಪೊಟ್ಟಣ ತೆಗೆದಳು. "ಇದು ಹಿಡೀರಿ ಬಾಯೋರ. ನನ್ನ ಮಗ ಭೀಮಶಾ ಬಂದು, 'ಅವ್ವ, ನೀ ಮೊಬೈಲ್‌ದಾಗ ಬಂದೀದಿ' ಅಂದ. ನಾ ಇನ್ನಾ ಸತ್ತಿಲ್ಲಲ್ಲೋ ಅಂದೆ. ಓದಿಸಿದ್ರ ಕೆಳಗ ನಿಮ್ಮ ಹೆಸರು! ನಮ್ಮ ಊರಾಗ ನನ್ನ ಜೋಡಿ ಹತ್ತಿ ಬಿಡಿಸೋ ಹೆಣ್ಮಕ್ಕಳು ಕೊಟ್ಟದ್ದು, ಅದರಾಗ ಅರ್ಧ. ಮಾರಿ ನಂದು, ಹೆಸರು ನಿಮ್ದು. ಅರ್ಧಕ್ಕರ್ಧ, ಹಿಸ್ಸಾ ಬರಾಬರ್ ಆತಿಲ್ರಿ?"

ತನ್ನ ಮಾತಿಗೆ ತಾನೇ ನಕ್ಕಳು.

"ಏನಂತಾಳ ಈಕಿ?" ಸುಮಿತ್ರಾಬಾಯಿ ಮಗಳನ್ನು ಕೇಳಿದಳು.

ಮಂಗಲಾಳಿಗೆ ಬಸ್ಸಿನಿಂದ ಇಳಿದು ಓಡಬೇಕೆನಿಸಿತು, ತೊಡೆಯ ಮೇಲೆ ಚೀಲವಿತ್ತು. "ಈಶಕ್ಕ, ತಪ್ಪಾತು. ನೀ ಮಲಗಿದ್ದಿ, ಕೇಳದೇ ತೆಗೆದೆ. ಬಂದದ್ದೆಲ್ಲಾ ನಿನಗೇ..."

"ಎಬ್ಬಿಸಿ ಕೇಳಿದ್ರ ಇಲ್ಲ ಅಂತಿದ್ನೇನು?" ಈಶಮ್ಮನ ದನಿ ಇಳಿಯಿತು. "ಸೆಕಿ ಅಂತ ಟವೆಲ್ ತೆಗೆದು ಮಲಗಿದ್ದೆ. ನನ್ನ ಸೊಸೀಗೂ ತಲಿ ತೋರ್ಸಿದ್ದಿಲ್ಲ ಯವ್ವ. ನೀ ಊರಿಗೆಲ್ಲಾ ತೋರ್ಸಿದಿ. ಎರಡು ದಿನ ಹೊರಗ ಬರಲಿಲ್ಲ, ಅಳಕೋತ ಕುಂತೆ. ಮೂರನೇ ದಿನ, ಹ್ಯಾಂಗೂ ನೋಡ್ಯಾರ, ಇನ್ನೇನು ಅಂತ ನಾನೇ ರೊಕ್ಕ ಕೇಳಾಕ ಹೊಂಟೆ. ಒಂದು ಮನ್ಯಾಗ ಇಲ್ಲ ಅಂದ್ರ ಮುಂದಿನ ಮನಿ. ಬದುಕಬೇಕಲ್ಲ."

ಅವ್ವ, ನೀನು ಒಲ್ಲೆ ಅಂದದ್ದಕ್ಕೇ ಹೀಗೆ ಮಾಡಿದೆ ಎಂಬ ಮಾತು ಮಂಗಲಾಳ ನಾಲಿಗೆಗೆ ಬಂತು. ಅವ್ವನ ಮುಖ ನೋಡಿ ನುಂಗಿಕೊಂಡಳು.

"ನನ್ನ ತಲಿ ಮುಚ್ಚಾಕ ಈಕಿ ತಲಿ ಬಿಚ್ಚೀದಿ" ಎಂದಳು ಸುಮಿತ್ರಾಬಾಯಿ, ತನಗೇ ಹೇಳಿಕೊಂಡಂತೆ. ಪೊಟ್ಟಣವನ್ನು ಮೆಲ್ಲಗೆ ಈಶಮ್ಮನ ಕಡೆ ಸರಿಸಿದಳು. ಈಶಮ್ಮ ಅದನ್ನು ಮತ್ತೆ ಇತ್ತ ಸರಿಸಿದಳು. ಅದು ಮಂಗಲಾಳ ಚೀಲದ ಮೇಲೆ ಯಾರದೂ ಅಲ್ಲದಂತೆ ಉಳಿಯಿತು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಗಡಗಡ ಅಲುಗಿತು.

"ಆ ಫೋಟೋ ತೆಗಿ. ನಂದು ಹಾಕು" ಎಂದಳು ಅವ್ವ.

"ಅವ್ವ..."

"ಲಗೂ ತೆಗಿ. ಮನಸ್ಸು ತಿರುಗೀತು."

ಮಂಗಲಾ ಚೀಲವನ್ನು ಸೀಟಿನ ಮೇಲಿಟ್ಟು ಎದ್ದು, ಮುಂದಿನ ಸೀಟಿಗೆ ಬೆನ್ನು ಕೊಟ್ಟು ಮೊಬೈಲು ಎತ್ತಿದಳು. ಸುಮಿತ್ರಾಬಾಯಿಯ ಬೆರಳುಗಳು ಸೆರಗಿನ ಅಂಚಿನಲ್ಲಿ ತಡೆದವು, ಆಮೇಲೆ ಬಿಟ್ಟವು. ಕಿಟಕಿಯ ಗಾಳಿಗೆ ಸೆರಗು ಹಾರಿತು. ಹಿಂದಿನ ಸೀಟಿನವರು ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು. ಕೊಹೀರ್ ದಾರಿ ಹಿಂದೆ ಸರಿಯುತ್ತಿತ್ತು. ನಡುಗುವ ಮೊಬೈಲ್ ಪರದೆಯಲ್ಲಿ ಅವ್ವನ ಬೋಳು ತಲೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅಂಚಿನಲ್ಲಿ, ಹತ್ತಿ ಬಿಡಿಸಿ ಗೀರುಬಿದ್ದ ಕೈಯೊಂದು, ಸೆರಗು ಹೊರಗೆ ಹಾರಿಹೋಗದಂತೆ ಹಿಡಿದಿತ್ತು.