ಹನ್ನೆರಡು ಮೂಲೆಗಳು

ಹಳೆಯ ಮನೆಯನ್ನು ಕೊಂಡ ಏಳನೇ ವರ್ಷಕ್ಕೆ ಟೈಲರಮ್ಮನಿಗೆ ಗೋಡೆಬುಡದ ಮರದ ಪಟ್ಟಿಗಳನ್ನು ಬದಲಾಯಿಸುವ ಕಾಲ ಕೂಡಿಬಂತು. ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಟೈಲರಮ್ಮ ಎಂದು. ಮುಂದಿನ ಕೋಣೆಯ ಕಿಟಕಿ ಪಕ್ಕದ ಅವಳ ಹೊಲಿಗೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಹಳೆಯ ಪಟ್ಟಿಗಳನ್ನು ಗೆದ್ದಲು ಟೊಳ್ಳು ಮಾಡಿತ್ತು. ಬಣ್ಣದ ಮೇಲೆ ಬಣ್ಣ ಕೂತು ಅಂಚಿನ ಕೆತ್ತನೆಯೇ ಮುಚ್ಚಿಹೋಗಿತ್ತು. ಪೊರಕೆ ತಾಗಿದರೆ ಸಾಕು, ಚಕ್ಕೆ ಏಳುತ್ತಿತ್ತು.

ಬಡಗಿ ಮೇಸ್ತ್ರಿ ಬಂದ. ವಯಸ್ಸಾದವನು, ಕೆಲಸದಲ್ಲಿ ಎತ್ತಿದ ಕೈ. ಒಂದೇ ದಿನದಲ್ಲಿ ಹಳೆಯದನ್ನೆಲ್ಲ ಕಿತ್ತು ಹಿತ್ತಲಿಗೆ ಹಾಕಿದ. ಮರುದಿನ ಹೊಸ ಪಟ್ಟಿಗಳ ತುದಿಯನ್ನು ನಲವತ್ತೈದು ಡಿಗ್ರಿಗೆ ಓರೆಯಾಗಿ ಕೊಯ್ದು ಮೂಲೆಯಲ್ಲಿ ಜೋಡಿಸಿದ. ನಡುವೆ ಕಿರುಬೆರಳು ತೂರುವಷ್ಟು ಸಂದು. ಮತ್ತೆ ಕೊಯ್ದ. ಸಂದು ಮೇಲಿಂದ ಕೆಳಗಿಳಿಯಿತು, ಹೋಗಲಿಲ್ಲ.

ಟೈಲರಮ್ಮನ ಗಂಡ ಅಂಚೆಯವನು. ಊಟಕ್ಕೆ ಬಂದವನು ಬಗ್ಗಿ ನೋಡಿ, "ಪುಟ್ಟಿ ತುಂಬಿಬಿಡಿ ಮೇಸ್ತ್ರಿ, ಯಾರು ನೋಡ್ತಾರೆ" ಎಂದ.

"ನಾನು ನೋಡ್ತೀನಲ್ಲ" ಎಂದ ಮೇಸ್ತ್ರಿ ಮುಖ ಗಂಟಿಕ್ಕಿಕೊಂಡು. "ಈ ಮನೆ ಕಟ್ಟಿದವನಿಗೆ ಮೂಲೆಮಟ್ಟ ಅಂದ್ರೇನು ಅಂತಲೇ ಗೊತ್ತಿರಲಿಲ್ಲ ಅನ್ಸುತ್ತೆ. ಒಂದು ಮೂಲೆಯೂ ನೆಟ್ಟಗಿಲ್ಲ." ಅಷ್ಟು ಹೇಳಿ ಹೊತ್ತಿಗೆ ಮುಂಚೆಯೇ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟ.

ಆಗ ಟೈಲರಮ್ಮನ ಕೈಯಲ್ಲಿದ್ದುದು ಶಾಲೆಯ ಮೇಷ್ಟ್ರೊಬ್ಬರ ಅಂಗಿ. ಅವರ ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗೆ. ಎರಡೂ ಕಡೆ ಒಂದೇ ಸಮ ಕತ್ತರಿಸಿದರೆ ಅಂಗಿ ಎಳೆದುಕೊಳ್ಳುತ್ತದೆಂದು ಅವಳಿಗೆ ಗೊತ್ತು. ಅದಕ್ಕೇ ಅವರಿಗೆ ಬೇರೆಯದೇ ಕಾಗದದ ಅಚ್ಚು ಇಟ್ಟಿದ್ದಳು. ಕತ್ತರಿ ಕೆಳಗಿಟ್ಟು, ಕಂದು ಕಾಗದದ ಹಾಳೆ ತೆಗೆದುಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಹಾಳೆಯನ್ನು ನೆಲಕ್ಕೆ ಹಾಸಿ, ಎರಡೂ ಗೋಡೆಗೆ ಒತ್ತಿ ಉಗುರಿನಿಂದ ಗೆರೆ ಮೂಡಿಸಿ, ಆ ಗೆರೆಗುಂಟ ಕತ್ತರಿಸಿದಳು. ಆಮೇಲೆ ಒಂದು ಅಂಚನ್ನು ಇನ್ನೊಂದರ ಮೇಲೆ ಕೂರಿಸಿ ಮಡಿಸಿದಳು. ಮಡಿಕೆ ಬಿದ್ದ ಕಡೆಯೇ ಕೊಯ್ಯಬೇಕಾದ ಓರೆ.

"ಏನೇ ಅದು, ಗೋಡೆಗೂ ಅಂಗಿ ಹೊಲಿತೀಯಾ?" ಎಂದರು ಮಂಚದ ಮೇಲಿದ್ದ ಅತ್ತೆ.

"ಹೂಂ ಅತ್ತೆ. ಇದರ ಭುಜವೂ ವಾರೆ."

ಬೆಳಿಗ್ಗೆ ಮೇಸ್ತ್ರಿ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. "ಅಮ್ಮಾ, ಇದು ಮರ. ಬಟ್ಟೆ ಅಲ್ಲ."

"ಬಟ್ಟೆ ಆಗಿದ್ರೆ ಎಳೆದು ಕೂರಿಸಬಹುದಿತ್ತು ಮೇಸ್ತ್ರಿ. ಒಂದೇ ಒಂದು ಮೂಲೆ ನೋಡಿ. ಕೂರದಿದ್ರೆ ನಾನು ಮತ್ತೆ ಬಾಯಿ ಹಾಕಲ್ಲ."

ಅವನು ಮಡಿಕೆಯ ಗುರುತನ್ನು ಪಟ್ಟಿಯ ಮೇಲೆಳೆದು ಗರಗಸ ಆಡಿಸಿದ. ಎರಡು ತುಂಡುಗಳೂ ಮೂಲೆಯಲ್ಲಿ ಬಂದು ಕೂತವು. ಹೆಬ್ಬೆರಳಿನಿಂದ ಸವರಿ ನೋಡಿದ, ಉಗುರು ಸಿಕ್ಕಲಿಲ್ಲ. ಹೊಗಳುವ ಜಾಯಮಾನ ಅವನದಲ್ಲ. "ಉಳಿದ ಹನ್ನೊಂದಕ್ಕೂ ಮಾಡಿಕೊಡಿ" ಎಂದ, ಅಷ್ಟೆ.

ಎರಡು ದಿನ ಅವಳು ಕಾಗದ ಮಡಿಸಿದಳು, ಅವನು ಕೊಯ್ದ. ಪ್ರತಿ ಅಚ್ಚಿನ ಮೇಲೂ ಮೂಲೆಯ ಅಂಕಿ ಬರೆದಿದ್ದಳು. ಆದರೂ ಒಂದು ಪಟ್ಟಿ ಎಡವಟ್ಟಾಯಿತು: ಕಾಗದವನ್ನು ತಲೆಕೆಳಗಾಗಿ ಹಿಡಿದು ಮೇಸ್ತ್ರಿ 6 ಅನ್ನು 9 ಎಂದು ಓದಿದ್ದ.

"ಅಂಕಿಗೆ ಕಾಲು ಯಾವುದು ತಲೆ ಯಾವುದು ಬರೀಬೇಕಲ್ಲ ಅಮ್ಮಾ" ಎಂದು ತಪ್ಪನ್ನು ಅವಳ ಮೇಲೇ ಹಾಕಿದ.

"ಬರೀತೀನಿ ಬಿಡಿ, ಚಪ್ಪಲಿಯನ್ನೂ ಹಾಕಿಸ್ತೀನಿ" ಎಂದಳು ಅವಳು. ಮೊದಲ ಬಾರಿಗೆ ಅವನು ನಕ್ಕ. ಕೆಟ್ಟ ಪಟ್ಟಿ ಬಾಗಿಲ ಪಕ್ಕದ ಗಿಡ್ಡ ತುಂಡಿಗೆ ಸರಿಹೋಯಿತು.

ಕೆಲಸ ಮುಗಿದ ಮಧ್ಯಾಹ್ನ ಅತ್ತೆ ಗೋಡೆ ಹಿಡಿದುಕೊಂಡು ಕೋಣೆ ಕೋಣೆ ಸುತ್ತಿ, ಕಣ್ಣು ಮಂದವಾದ್ದರಿಂದ ಒಂದು ಕಡೆ ಕೂತು ಪಟ್ಟಿಯ ಕೆತ್ತನೆಯನ್ನು ಬೆರಳಿನಿಂದಲೇ ನೋಡಿದರು. "ನುಣ್ಣಗಿದೆ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ದೊಡ್ಡದು.

ಮೇಸ್ತ್ರಿ ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಮಾರ್ಕೆಟ್ ಹಿಂದೆ ಇನ್ನೊಂದು ಹಳೇ ಮನೆ ಒಪ್ಪಿಕೊಂಡಿದೀನಿ. ಆ ಕಾಗದ ಎಲ್ಲಿ ಸಿಗುತ್ತೆ?"

ಅವಳು ಒಳಗಿನಿಂದ ಅರ್ಧ ಸುರುಳಿ ತಂದುಕೊಟ್ಟಳು. ಮೇಸ್ತ್ರಿ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಅವಳು ತಿರುಗಿ ಬಂದು ಯಂತ್ರದ ಮುಂದೆ ಕೂತಳು. ಮೇಷ್ಟ್ರ ಅಂಗಿಗೆ ಇನ್ನೂ ಗುಂಡಿ ಹಾಕಬೇಕಿತ್ತು. ನಡುನಡುವೆ ತಲೆಯೆತ್ತಿ ಮೂಲೆ ನೋಡುತ್ತ, ಅವಸರವಿಲ್ಲದೆ ಹಾಕಿದಳು.