ಸ್ಟೀಲ್ ಸ್ಕೇಲಿನ ಬ್ಯಾಟರಾಯಪ್ಪನವರು

ಕಂಪ್ಯೂಟರಿನ ಪರದೆಗೆ ಒಂದಡಿ ಸ್ಟೀಲ್ ಸ್ಕೇಲನ್ನು ಅಡ್ಡ ಹಿಡಿದು, ಒಂದು ಸಾಲು ಮುಗಿದ ಮೇಲೆ ಅದನ್ನು ಮೆಲ್ಲಗೆ ಕೆಳಗಿನ ಸಾಲಿಗೆ ಇಳಿಸಿ, ಜಾವಾಸ್ಕ್ರಿಪ್ಟನ್ನು ಪಾರಾಯಣದ ಗಾಂಭೀರ್ಯದಿಂದ ಗಟ್ಟಿಯಾಗಿ ಓದುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ: ಜಕ್ಕೂರಿನ ಬ್ಯಾಟರಾಯಪ್ಪನವರನ್ನು. ಊರಿನ ಹಳೇ ಬೀದಿಯಲ್ಲಿ ಹುಟ್ಟಿ, ತಣಿಸಂದ್ರದ ಪುಟ್ಟ ಕಚೇರಿಯೊಂದರಲ್ಲಿ ವೆಬ್‌ಸೈಟು ಕಟ್ಟುತ್ತಿದ್ದವರು. ಏಪ್ರಿಲ್ ಧಗೆಯಲ್ಲೂ ಕಂದು ಬಣ್ಣದ ತೋಳಿಲ್ಲದ ಸ್ವೆಟರು. ಕೆರೆ ಏರಿಯ ಮೇಲೆ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತುಬಿಡುವರು, ಅಲ್ಲೂ ಒಂದು ಸಾಲು ಮುಗಿಯಿತೇನೋ ಎಂಬಂತೆ.

೨೦೧೧ರಲ್ಲಿ ಮತ್ತಿಕೆರೆಯ ಮಹಡಿ ಕೋಣೆಯೊಂದರಲ್ಲಿ ಶನಿವಾರ ಮಧ್ಯಾಹ್ನ ನಾವು ಹತ್ತು ಹನ್ನೆರಡು ಜನ ಡೆವಲಪರುಗಳು ಸೇರುತ್ತಿದ್ದೆವು. ನಿಯಮ ಅವರದೇ: ಬರೆದವರು ಬಾಯಿ ಬಿಡಕೂಡದು, ಇನ್ನೊಬ್ಬರು ಗಟ್ಟಿಯಾಗಿ ಓದಬೇಕು, ಓದಿದವರು ಒಪ್ಪಿದ ಮೇಲೆಯೇ ಕೋಡು ಲೋಕಕ್ಕೆ. ಆರ್.ಟಿ. ನಗರದ ತಾಹೆರಾ ಓದುತ್ತ ಎಡವಿದರೆ ಸಾಕು, ಇವರ ಮುಖ ಅರಳುತ್ತಿತ್ತು.

"ನಾಲ್ಗೆ ಎಲ್ ತಡವರಿಸ್ತದೋ ಅಲ್ಲೇ ಕಳ್ಳ ಕೂತಿರ್ತಾನೆ ಕಣಮ್ಮಾ. ಇನ್ನೊಂದ್ ಸಲ ಓದು."

ಅವರ 'ಜರಡಿ'ಯನ್ನು ನಾವೆಲ್ಲ ಹೀಗೆಯೇ ಓದಿ ತಿದ್ದಿದ್ದು. ವೆಬ್‌ಸೈಟಿನ ಫಾರಂಗಳಲ್ಲಿ ಜನ ತುಂಬಿದ ಮಾಹಿತಿಯ ಜೊತೆ ದುಷ್ಟ ಕೋಡು ನುಸುಳದಂತೆ ಸೋಸುವ ಮುನ್ನೂರು ಸಾಲಿನ ತಂತ್ರಾಂಶ ಅದು. ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಅಂತರ್ಜಾಲಕ್ಕೆ ಬಿಟ್ಟರು. ಸಾವಿರಾರು ವೆಬ್‌ಸೈಟುಗಳು ಎತ್ತಿಕೊಂಡವು.

ಆಮೇಲೆ ನಾವು ಒಬ್ಬೊಬ್ಬರೇ ಜಾರಿಕೊಂಡೆವು. ಮದುವೆ, ದೊಡ್ಡ ಕಂಪನಿ, ಹೆಬ್ಬಾಳದ ಟ್ರಾಫಿಕ್ಕು, ನೆಪಕ್ಕೇನು ಬರ? ಸುಳ್ಳೇಕೆ, ನನ್ನದು ಬರೀ ಸೋಮಾರಿತನ. ಅವರು ಮಾತ್ರ ಪ್ರತಿ ಶನಿವಾರ ಬಂದು, ಕುರ್ಚಿಗಳನ್ನು ಬಿಡಿಸಿಟ್ಟು, ಐದರವರೆಗೆ ಕಾದು, ಮತ್ತೆ ಮಡಚಿಡುತ್ತಿದ್ದರೆಂದು ಆ ಮನೆಯ ಒಡತಿ ಯಲ್ಲಮ್ಮನವರು ನನಗೆ ಬಹಳ ತಡವಾಗಿ ಹೇಳಿದರು.

೨೦೧೮ರಲ್ಲಿ ತಾಹೆರಾ ಬ್ಯಾಟರಾಯಪ್ಪನವರಿಗೆ ಫೋನು ಮಾಡಿದಳು.

"ಸರ್, ಜರಡಿ ಹೊಸ ವರ್ಷನ್ ನೀವೇ ಬರ್ದಿದ್ದಾ?"

"ಇಲ್ಲಮ್ಮ."

ಅವಳು ಹೊಸದಾಗಿ ಸೇರಿದ್ದ ಒಂಬತ್ತು ಸಾಲುಗಳನ್ನು ಫೋನಿನಲ್ಲೇ ಗಟ್ಟಿಯಾಗಿ ಓದಿದಳು. ಜನ ಟೈಪು ಮಾಡಿದ ಪಾಸ್‌ವರ್ಡುಗಳನ್ನೆಲ್ಲ ಆ ಸಾಲುಗಳು ಕದ್ದು ಬೇರೆಲ್ಲಿಗೋ ಕಳಿಸುತ್ತಿದ್ದವು. ಮೂರು ತಿಂಗಳು ವಿನಯದಿಂದ ಇಮೇಲ್ ಬರೆದು, ನೆರವಾಗುತ್ತೇನೆಂದ ಅಪರಿಚಿತನೊಬ್ಬನಿಗೆ ಬ್ಯಾಟರಾಯಪ್ಪನವರು ಜರಡಿಯನ್ನು ತಿದ್ದುವ ಅಧಿಕಾರ ಕೊಟ್ಟಿದ್ದರು. ಆ ಸಾಲುಗಳು ಅವನವೇ. ಫೋನು ಬಂದ ದಿನವೇ ಅವನನ್ನು ಹೊರಹಾಕಿ, ಹಳೆಯ ಕೋಡನ್ನೇ ಮರಳಿ ಇಟ್ಟು, "ತಪ್ಪು ನನ್ನದು" ಎಂದು ಹೆಸರು ಹಾಕಿ ಪ್ರಕಟಿಸಿದರು. ಲೋಕ ಬಾಯಿಗೆ ಬಂದಂತೆ ಬೈಯಿತು.

ನಾನು ಓಡಿಹೋದೆ. ಕೆರೆ ಏರಿಯ ಮೇಲೆ ಸಿಕ್ಕರು.

"ಎಲ್ಲರಿಗೂ ಪಾಠ ಹೇಳೋ ನೀವೇ ಗೊತ್ತಿಲ್ದೋನ್ಗೆ ಯಾಕ್ ಸಾರ್ ಕೊಟ್ರಿ?"

ಹತ್ತು ಹೆಜ್ಜೆ ನಡೆದು ನಿಂತರು.

"ಅವ್ನು ಓದಿದ್ದ ಕಣಪ್ಪಾ. ಪೂರ್ತಿ. ನಾನೇ ಮರ್ತಿದ್ ಒಂದ್ ತಪ್ಪನ್ನ ಎತ್ತಿ ತೋರ್ಸಿದ. ನೀವೆಲ್ಲಾ ಬಿಟ್ ಮ್ಯಾಲೆ ಅಂಗೆ ಓದ್ದೋನು ಅವ್ನೊಬ್ನೇ."

ನನಗೆ ಕಣ್ಣು ತುಂಬಿ ಬಂತು. ನಾನು ಕಟ್ಟಿದ ವೆಬ್‌ಸೈಟುಗಳಿಗೆಲ್ಲ ಅವರ ಜರಡಿಯನ್ನೇ ಹಾಕಿ ಏಳು ವರ್ಷ ಅನ್ನ ತಿಂದವನು ನಾನು.

ಮುಂದಿನ ಶನಿವಾರ ನಾನೂ ತಾಹೆರಾಳೂ ಮತ್ತಿಕೆರೆಗೆ ಹೋದೆವು. ಹನ್ನೆರಡು ಕುರ್ಚಿಗಳೂ ಬಿಡಿಸಿಟ್ಟಿದ್ದವು. ಅವರು ಸ್ಕೇಲನ್ನು ಸ್ವೆಟರಿಗೆ ಒರೆಸಿ ನನ್ನ ಕೈಗಿಟ್ಟರು. ಜರಡಿಯನ್ನು ಮೊದಲ ಸಾಲಿನಿಂದ ಓದತೊಡಗಿದೆ. ಬ್ಯಾಟರಾಯಪ್ಪನವರು ನಿಯಮದಂತೆ ಬಾಯಿ ಬಿಡದೆ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಇಂಥವರು ನಮ್ಮ ನಡುವೆ ಇನ್ನೂ ಹಲವರಿದ್ದಾರೆ. ಪುಕ್ಕಟೆಯಾಗಿ ಅವರು ಕಟ್ಟಿಕೊಟ್ಟದ್ದನ್ನು ನಂಬಿ ಲೋಕ ನಿಶ್ಚಿಂತೆಯಿಂದಿರುತ್ತದೆ. ಹಾರತುರಾಯಿಯನ್ನು ಅವರು ಎಂದೂ ಬಯಸಿದವರಲ್ಲ. ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದುವ ಒಂದು ಜೀವಕ್ಕಾಗಿ ಹಂಬಲಿಸುತ್ತಾರೆ, ಅಷ್ಟೆ. ಆ ಓದನ್ನು ಸ್ನೇಹಿತರು ಕೊಡದೆ ಹೋದಾಗ, ಕಳ್ಳ ಬಂದು ಕೊಡುತ್ತಾನೆ.