ಗಿರ್ಮಿಟ್ ಪಟ್ಟು

ಮಾಳಮಡ್ಡಿಯ ವಿಜಯೀಂದ್ರ ಕ್ಯಾಮೆರಾ ಮುಂದೆ ಬಂದರೆ ಅದು ಹೀರೋ ಎಂಟ್ರಿ. ಕರಿ ಕೋಟು, ಜೆಲ್ ಹಚ್ಚಿ ನಿಲ್ಲಿಸಿದ ಕೂದಲು, ಗುಡುಗಿನಂಥ ಗಂಟಲು. ಟಿವಿಯಲ್ಲಿ ಕುಸ್ತಿಯ ಕಾಮೆಂಟರಿ ಅವನದೇ. ಆದರೆ ಕುಸ್ತಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇಷ್ಟೇ: ಇಬ್ಬರು ಇರುತ್ತಾರೆ, ಒಬ್ಬ ಬೀಳುತ್ತಾನೆ.

ಉಳಿದದ್ದೆಲ್ಲ ಗೊತ್ತಿದ್ದದ್ದು ಮುಗದದ ಮೈಲಾರಿಗೆ. ಮೊಣಕಾಲು ಕೈಕೊಡುವ ತನಕ ಎಂಟು ವರ್ಷ ಗರಡಿಯ ಮಣ್ಣು ತಿಂದವನು. ಈಗ ಹುಬ್ಬಳ್ಳಿಯ ಕೇಬಲ್ ಚಾನೆಲ್ಲಿನಲ್ಲಿ ಅವನ ಕೆಲಸ, ಅಖಾಡದ ಹಿಂದಿನ ವ್ಯಾನಿನಲ್ಲಿ ಕೂತು ವಿಜಯೀಂದ್ರನ ಕಿವಿಯ ಇಯರ್‌ಫೋನಿಗೆ ಪಟ್ಟುಗಳ ಹೆಸರು ಊದುವುದು. ಇವನು ಪಿಸುಗುಟ್ಟಿದ್ದನ್ನು ಅವನು ಟಿವಿಗೂ ಅಖಾಡದ ಸ್ಪೀಕರಿಗೂ ಗುಡುಗುತ್ತಿದ್ದ. ಕಳೆದ ವಾರ ಮೈಲಾರಿಯ ಅವ್ವ ರುಕ್ಮವ್ವನೇ, ಆ ಕೋಟಿನ ಹುಡುಗನಿಗೆ ಎಷ್ಟು ತಿಳಿಯುತ್ತದೆ ಎನ್ನುತ್ತ ಟಿವಿಗೆ ದೃಷ್ಟಿ ತೆಗೆದಿದ್ದಳು. ಅವತ್ತು ಮೈಲಾರಿ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಒಮ್ಮೆ ಮೈಕು ಕೇಳಿಯೂ ಬಿಟ್ಟಿದ್ದ. ಚಾನೆಲ್ ಮಾಲೀಕ ಯಜ್ಞೇಶ್ವರ ಕಾಕಾ ಅವನ ಚಪ್ಪಲಿಯಿಂದ ತಲೆಯವರೆಗೆ ಕಣ್ಣಾಡಿಸಿ, "ವಿಜ್ಯಾ ಒಂದ್ ಸಲ ತಪ್ಪಲಿ, ಮೈಕ್ ನಿಂದು" ಎಂದಿದ್ದರು.

ಕುಸ್ತಿ ಪಂದ್ಯಾವಳಿಯ ಫೈನಲ್ ದಿನ ಮೈಲಾರಿ ಆ ತಪ್ಪನ್ನು ತಾನೇ ತಯಾರಿಸಿದ. ಮೊದಲ ಜೋಡಿಯಲ್ಲಿ ಕೆಂಪು ಲಂಗೋಟಿಯವನು ಎದುರಾಳಿಯ ಕೈ ಎಳೆದು ಹೆಗಲ ಮೇಲಿಂದ ಒಗೆದ. ಬಟ್ಟೆ ಒಗೆದಂತೆ ಒಗೆಯುವ ಧೋಬಿ ಪಟ್ಟು. ಗರಡಿಯ ಬಾಗಿಲು ಕಂಡವರಿಗೆಲ್ಲ ಗೊತ್ತು. ಮೈಲಾರಿಯ ತೊಡೆಯ ಮೇಲೆ ಅರ್ಧ ತಿಂದ ಗಿರ್ಮಿಟ್ಟು, ಪಕ್ಕದಲ್ಲಿ ಒಂದು ಮಿರ್ಚಿ ಭಜಿ. ಮೈಕಿಗೆ ಬಾಯಿಟ್ಟು ಮೆಲ್ಲಗೆ, "ಗಿರ್ಮಿಟ್ ಪಟ್ಟು" ಎಂದ.

ವಿಜಯೀಂದ್ರ ಕಾಲರ್ ಎತ್ತಿಕೊಂಡ.

"ನೋಡಿಕೊಳ್ರಿ ಹುಬ್ಬಳ್ಳಿ ಮಂದಿ. ಚುರುಮುರಿ ಕಲಸಿದಂಗ ಕಲಸಿ ಒಗದಾನ. ಇದಕ್ಕಽ ಅಂತಾರ, ಗಿರ್ಮಿಟ್ ಪಟ್ಟು."

ಜನ ಉಗಿಯುತ್ತಾರೆ ಎಂದು ಮೈಲಾರಿ ಕಾದ. ಜನ ಶಿಳ್ಳೆ ಹೊಡೆದರು. ಗಿರ್ಮಿಟ್ ಗಿರ್ಮಿಟ್ ಎಂದು ಇಡೀ ಅಖಾಡ ಕುಣಿಯಿತು.

ಉಳಿದಿದ್ದ ಒಂದೇ ಆಸೆ ಉಸ್ತಾದ ಹುಚ್ಚಪ್ಪ, ಮೈಲಾರಿಯ ಗುರು. ಪಟ್ಟಿನ ಹೆಸರು ತಪ್ಪಿದರೆ ನೂರು ಬಸ್ಕಿ ಹೊಡೆಸುತ್ತಿದ್ದ ಮನುಷ್ಯ. ವಿಜಯೀಂದ್ರ ಹೋಗಿ, ಅಖಾಡದ ಅಂಚಿನಲ್ಲಿ ಕೂತಿದ್ದ ಅವರ ಬಾಯಿಗೇ ಮೈಕು ಹಿಡಿದ. ಮೈಲಾರಿ ವ್ಯಾನಿನ ಪರದೆಗೆ ಮೂಗು ತಾಗಿಸಿದ. ಉಸ್ತಾದರು ಕ್ಯಾಮೆರಾ ನೋಡಿದರು. ಮೀಸೆ ತೀಡಿದರು.

"ಹೌದ್ರಿ. ಗಿರ್ಮಿಟ್ ಭಾಳ ಹಳೇ ಪಟ್ಟು. ನಾನಽ ಕಲಿಸೇನಿ."

ವ್ಯಾನಿನ ಬಾಗಿಲು ತೆರೆದು ಯಜ್ಞೇಶ್ವರ ಕಾಕಾ ಒಳಗೆ ತಲೆ ಹಾಕಿದರು. ಮುಖವೆಲ್ಲ ನಗು.

"ಅದು ಧೋಬಿ ರೀ ಕಾಕಾ," ಮೈಲಾರಿ ಎದ್ದೇ ನಿಂತ. "ವಿಜ್ಯಾ ತಪ್ಪ್ಯಾನ. ಮೈಕ್ ನಂದು."

"ಧೋಬಿ ಅಂತ ನನಗೂ ಗೊತ್ತದ. ಶಿಳ್ಳಿ ಬಿದ್ದಮ್ಯಾಲ ತಪ್ಪು ಹ್ಯಾಂಗಾಗ್ತದೋ? ಕೂಡು, ಹಿಂತಾವು ಇನ್ನೊಂದ್ ಹತ್ತು ಹೇಳು. ಆ ಹುಡುಗಗ ಭಾಳ ಒಪ್ತಾವ."

ಬಾಗಿಲು ಮುಚ್ಚಿತು. ಹೊರಗೆ ಮುಂದಿನ ಜೋಡಿ ಒಬ್ಬರ ಕಾಲೊಬ್ಬರು ಹಿಡಿದಾಗಿತ್ತು. ಪರದೆಯಲ್ಲಿ ವಿಜಯೀಂದ್ರ ಕಿವಿಗೆ ಬೆರಳಿಟ್ಟು ಕಾಯುತ್ತಿದ್ದ, ಆ ಕೋಟು ಹಾಳಾದ್ದು ಬಿಸಿಲಲ್ಲೂ ಮಿಂಚುತ್ತಿತ್ತು.

ಆ ಪಟ್ಟಿನ ಖರೆ ಹೆಸರು ಮೈಲಾರಿಯ ನಾಲಿಗೆಯ ತುದಿಯಲ್ಲಿತ್ತು. ಅವನು ತೊಡೆಯ ಕಡೆ ನೋಡಿದ.

"ಮಿರ್ಚಿ," ಎಂದ.